ಮೈಸೂರಿನ ಹಣ, ಮೆಟ್ನರರ ಪಿಯಾನೊ

ನಮ್ಮ ಮಾಗಡಿ ಸೀಮೆಯಲ್ಲಿ, ತಿಪ್ಪಸಂದ್ರದಂಥ ಊರುಗಳಲ್ಲಿ, ಬೆರಳಿನಿಂದ ಮನೆ ಒತ್ತಿ ನುಡಿಸುವ ವಾದ್ಯವೆಂದರೆ ಹಾರ್ಮೋನಿಯಂ. ಅದಕ್ಕೆ ‘ಪೆಟ್ಟಿಗೆ’ ಎಂದೇ ಹೆಸರು. ‘ಕುರುಕ್ಷೇತ್ರ’ ಆಡಬೇಕೆಂದರೆ ಮೊದಲು ಪೆಟ್ಟಿಗೆ ಮೇಷ್ಟ್ರನ್ನು ಗೊತ್ತು ಮಾಡಬೇಕು. ಎಷ್ಟೋ ಕಂಪನಿ ನಾಟಕಗಳ ಮಟ್ಟುಗಳು ಉಳಿದುಬಂದದ್ದು ಇಂಥ ಮೇಷ್ಟ್ರುಗಳ ಬೆರಳ ತುದಿಯಲ್ಲಿ. ನುಡಿಸುವವರಿಲ್ಲದ ಸಂಗೀತ ಕಾಗದದ ಮೇಲಿದ್ದರೂ ಇಲ್ಲದಂತೆಯೇ.

ಇದೇ ಸಂಕಟ ಲಂಡನ್ನಿನಲ್ಲಿ ಒಬ್ಬ ರಷ್ಯನ್ ಪಿಯಾನೊ ವಾದಕರಿಗೆ ಬಂದಿತ್ತು. ಅದಕ್ಕೆ ಕೈಕೊಟ್ಟವರು ನಮ್ಮ ಮೈಸೂರಿನ ಮಹಾರಾಜರು. ಆ ವಾದಕರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಕ್ರಾಂತಿಯ ನಂತರ, 1921ರಲ್ಲಿ, ದೇಶ ಬಿಟ್ಟು ಕಡೆಗೆ ಇಂಗ್ಲೆಂಡಿಗೆ ಬಂದರು. ಹೆಸರಾಂತ ರಖ್ಮಾನಿನೋವ್ ಅವರ ಆಪ್ತ ಗೆಳೆಯ. ಆದರೆ ಕಾಲದ ಹೊಸ ಗಾಳಿಗೆ ಬಗ್ಗದ ಮನುಷ್ಯ. ಹಳೆಯ ರೀತಿಯಲ್ಲೇ ಬರೆದರು, ಕೇಳುವವರು ಕಡಿಮೆಯಾದರು. ಯುದ್ಧ ಶುರುವಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಆಗ ಅವರನ್ನೂ ಹೆಂಡತಿ ಅನ್ನಾ ಅವರನ್ನೂ ಹಳ್ಳಿಯ ಮನೆಯಲ್ಲಿ ಇರಿಸಿಕೊಂಡವರು ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೊ ವಾದಕಿ. ಗುರುವಿನ ಕೃತಿಗಳನ್ನು ಯಾರೂ ಕೇಳದಿದ್ದ ಕಾಲದಲ್ಲೂ ಆಕೆ ನುಡಿಸುತ್ತ ಬಂದರು. ಇಂಥ ಹೆಂಗಸರ ಹೆಸರು ಚರಿತ್ರೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿರುತ್ತದೆ, ಅಷ್ಟೆ.

ಇತ್ತ ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ಕಲಿತವರು. ಅವರ ಅಕ್ಕತಂಗಿಯರಲ್ಲಿ ವಿಜಯದೇವಿಯವರೂ ವೀಣೆಯ ಜೊತೆ ಪಿಯಾನೊ ಅಭ್ಯಾಸ ಮಾಡಿದರು. ಮುಂದೆ 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದವರು ಅವರೇ. ಅಣ್ಣನಿಗೆ ಪಿಯಾನೊ ವಾದಕನಾಗುವ ಆಸೆಯಿತ್ತಂತೆ. 1940ರ ಮಾರ್ಚಿನಲ್ಲಿ ತಂದೆ ಹೋದರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದರ ಹುಡುಗನ ಪಾಲಿಗೆ ಬಂದದ್ದು ಸಿಂಹಾಸನ.

ತಾನು ನುಡಿಸಲಾಗದ್ದನ್ನು ಬೇರೆಯವರಿಂದ ನುಡಿಸಿ ಉಳಿಸೋಣ ಎಂದುಕೊಂಡರೋ ಏನೋ. ಅವರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್.ಎಂ.ವಿ. ಕಂಪನಿ ಮೆಟ್ನರರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಿತು. ಆಗಿನ 78 ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು ನಿಮಿಷ, ಸ್ವಲ್ಪ ಹೆಚ್ಚು ಕಡಿಮೆ. ಅರ್ಧ ಗಂಟೆಗೂ ಮೀರಿದ ಕನ್ಚರ್ಟೊವನ್ನು ತುಂಡು ತುಂಡು ಮಾಡಿ ನುಡಿಸಬೇಕು, ಪ್ರತಿ ತುಂಡಿನಲ್ಲೂ ಹಿಂದಿನದರ ಬಿಸಿ ಆರದಂತೆ ನೋಡಿಕೊಳ್ಳಬೇಕು. ಹೃದಯದ ಕಾಯಿಲೆಯ, ಎಪ್ಪತ್ತರ ಹತ್ತಿರದ ಮುದುಕರು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಮ್ಮ ಮೂರು ಕನ್ಚರ್ಟೊಗಳನ್ನೂ ಹೀಗೆ ನುಡಿಸಿದರು. ಮೂರನೆಯದನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು.

ಇಲ್ಲೊಂದು ಮಾತು ಬಿಡುವಂತಿಲ್ಲ. ಮುದ್ರಣ ನಡೆದ 1947ರಲ್ಲಿಯೇ ಇಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಜೈಲು ತುಂಬಿದರು. ಅರಮನೆಯ ಬೊಕ್ಕಸವೆಂದರೆ ಕೊನೆಗೆ ನಮ್ಮ ಕಡೆಯ ರಾಗಿ ಹೊಲದವರೆಗೂ ಬೇರು ಬಿಟ್ಟದ್ದೇ. ಆ ಹಣ ಲಂಡನ್ನಿಗೆ ಹೋಗಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ಅನ್ಯಾಯದ್ದಲ್ಲ. ಆದರೆ ರಾಜರುಗಳು ಕಾರು, ಬೇಟೆ, ಕುದುರೆಗಳಿಗೆ ಸುರಿದದ್ದರ ಪಕ್ಕದಲ್ಲಿಟ್ಟು ನೋಡಿದರೆ ಈ ಖರ್ಚಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರು ನಮ್ಮ ಸಂಗೀತವನ್ನೂ ಬಿಟ್ಟವರಲ್ಲ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದಾರೆ.

ಮೆಟ್ನರ್ 1951ರ ನವೆಂಬರಿನಲ್ಲಿ ತೀರಿಕೊಂಡರು. ಅನ್ನಾ ಗಂಡನ ಕಾಗದಪತ್ರಗಳನ್ನು ಜೋಪಾನ ಮಾಡಿಕೊಂಡು 1958ರಲ್ಲಿ ಮಾಸ್ಕೋಗೆ ಮರಳಿದರು. ಮರುವರ್ಷದಿಂದ ಅಲ್ಲಿ ಅವರ ಸಮಗ್ರ ಕೃತಿಗಳು ಅಚ್ಚಾಗತೊಡಗಿ 1963ರ ಹೊತ್ತಿಗೆ 12 ಸಂಪುಟಗಳಾದವು. ಮೈಸೂರಿನ ಹಣದಲ್ಲಿ ಮುದ್ರಿಸಿದ ಆ ತಟ್ಟೆಗಳು ಈಗ ಸಿ.ಡಿ.ಗಳಾಗಿ ಸಿಗುತ್ತವೆ.