ಇಂಗ್ಲಿಷಿನ ‘ಗೋ’ಗೆ ‘ವೆಂಟ್’ ಎಲ್ಲಿಂದ ಬಂತು?

ವಾಕ್-ವಾಕ್ಡ್, ಜಂಪ್-ಜಂಪ್ಡ್. ಸರಿ, ಒಪ್ಪೋಣ. ಸಿಂಗ್-ಸ್ಯಾಂಗ್ ಕೂಡ ಹೋಗಲಿ, ಒಂದು ಸ್ವರ ತಾನೇ ಬದಲಾಗಿದ್ದು. ಆದರೆ ಗೋ-ವೆಂಟ್? ಒಂದಕ್ಷರನಾದ್ರೂ ಹೊಂದುತ್ತಾ ಹೇಳಿ? ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಲ್ಲ ಗೊತ್ತಿರತ್ತೆ, ಐದನೇ ಕ್ಲಾಸಲ್ಲಿ ‘ಗೋ-ವೆಂಟ್-ಗಾನ್’ ಅಂತ ಮಗ್ಗಿ ಥರ ಉರು ಹೊಡೆದದ್ದು. ‘ಗೋಡ್’ ಅಂದವನಿಗೆ ನಮ್ಮ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸೋರು. ಯಾಕೆ ಸಾರ್ ಅಂದ್ರೆ ‘ಅದು ಹಾಗೇ ಕಣೋ’ ಅನ್ನೋ ಉತ್ತರ. ಅದು ಹಾಗೇ ಅಲ್ಲ ಕಣ್ರೀ, ಹಾಗೆ ಆಗಿದ್ದು. ಅದಕ್ಕೊಂದು ಕಥೆ ಇದೆ.

ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ‘ಗಾನ್’ ಅಂತಿತ್ತು. ಆಗಲೂ ಅದಕ್ಕೆ ತನ್ನದೇ ಆದ ಭೂತಕಾಲ ಇರಲಿಲ್ಲ! ‘ಎಯೋಡೆ’ ಅನ್ನೋ ಬೇರೆ ಬೇರಿನ ಪದವನ್ನ ಎರವಲು ತಂದಿಟ್ಟುಕೊಂಡಿತ್ತು. ಅದೇ ಸವೆದು ಮುಂದೆ ‘ಯೀಡ್’, ‘ಯೋಡ್’ ಅಂತಾಯ್ತು.

ಪಕ್ಕದಲ್ಲೇ ‘ವೆಂಡ್’ ಅಂತ ಇನ್ನೊಂದು ಕ್ರಿಯಾಪದ ಇತ್ತು. ಮೊದಲ ಅರ್ಥ ‘ತಿರುಗು, ತಿರುಗಿಸು’. ಆಮೇಲೆ ‘ದಾರಿ ಹಿಡಿ, ಸಾಗು’ ಅಂತಲೂ ಆಯ್ತು. (ನಮ್ಮ ‘ತಿರುಗು’ ನೋಡಿ, ‘ಊರೆಲ್ಲ ತಿರುಗಿ ಬಂದ’ ಅಂತೀವಲ್ಲ, ಅದೇ ದಾರಿ.) ಸೆಂಡ್‌ಗೆ ಸೆಂಟ್, ಬೆಂಡ್‌ಗೆ ಬೆಂಟ್ ಇರೋ ಹಾಗೆ ವೆಂಡ್‌ಗೆ ವೆಂಟ್. ಅಂದ್ರೆ ‘ವೆಂಟ್’ ತನ್ನ ಮನೇಲಿ ಬಹಳ ಶಿಸ್ತಿನ ಹುಡುಗ, ಪರರ ಮನೆಗೆ ದತ್ತು ಹೋಗಿದ್ದಕ್ಕೆ ತರಲೆ ಅನ್ನೋ ಹೆಸರು ಬಂತು ಅಷ್ಟೆ :)

ದಕ್ಷಿಣ ಇಂಗ್ಲೆಂಡಿನಲ್ಲಿ ಸುಮಾರು 1500ರ ಹೊತ್ತಿಗೆ ಯೀಡ್ ಮರೆಗೆ ಸರಿದು ವೆಂಟ್ ಅದರ ಜಾಗದಲ್ಲಿ ಕೂತಿತ್ತು. ಪಾಪ ವೆಂಡ್‌ಗೆ ಭೂತಕಾಲವೇ ಇಲ್ಲದ ಹಾಗಾಗಿ, ‘ವೆಂಡೆಡ್’ ಅಂತ ಹೊಸದು ಹೊಲಿಸಿಕೊಳ್ಳಬೇಕಾಯ್ತು. ಯೀಡ್ ಎಷ್ಟು ಮರೆತುಹೋಗಿತ್ತು ಅಂದ್ರೆ, 1590ರಲ್ಲಿ ಸ್ಪೆನ್ಸರ್ ಹಳೇ ಕಾಲದ ಘಮ ಬರಲಿ ಅಂತ ಅದನ್ನ ತನ್ನ ಕಾವ್ಯಕ್ಕೆ ತಂದಾಗ, ಭೂತಕಾಲದ ಆ ರೂಪವನ್ನೇ ಮೂಲ ಕ್ರಿಯಾಪದ ಅಂತ ತಿಳಿದು ಬಳಸಿಬಿಟ್ಟ. ಅವನನ್ನ ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

ಉತ್ತರದ ಕಡೆ ಬೇರೆಯೇ ಕಥೆ. ಸ್ಕಾಟ್ಲೆಂಡಿನವರು ‘ಗೋ’ಗೆ ಸಮನಾದ ತಮ್ಮ ‘ಗೇ’ಗೆ ಡಕಾರ ಹಚ್ಚಿ ‘ಗೇಡ್’ ಅಂತ ಮಾಡಿಕೊಂಡರು. ಹದಿನೆಂಟನೇ ಶತಮಾನದ ರಾಬರ್ಟ್ ಬರ್ನ್ಸ್ ಕವಿತೆಗಳಲ್ಲಿ ಈ ಗೇಡ್ ಸಿಗತ್ತೆ. ಅಂದ್ರೆ ನಮ್ಮ ಕ್ಲಾಸಿನವನು ಹೇಳಿದ್ದ ‘ಗೋಡ್’ ಇದೆಯಲ್ಲ, ಹೆಚ್ಚುಕಮ್ಮಿ ಅದೇ! ಗೆದ್ದದ್ದು ಯಾಕೆ ವೆಂಟ್ ಅಂದ್ರೆ, ಅದು ಚಂದ ಅಂತಲ್ಲ, ತರ್ಕ ಇದೆ ಅಂತಲೂ ಅಲ್ಲ. ಆಸ್ಥಾನ, ವ್ಯಾಪಾರ ಎರಡೂ ಲಂಡನ್ ಸುತ್ತ ಇದ್ದವು. 1476ರಲ್ಲಿ ಕ್ಯಾಕ್ಸ್‌ಟನ್ ಅಚ್ಚುಕೂಟ ಹಾಕಿದ್ದೂ ಅಲ್ಲೇ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ. ಲಂಡನ್ನಿನ ಮಾತು ‘ಶುದ್ಧ’ ಆಯ್ತು, ಉಳಿದವರದ್ದು ಹಳ್ಳಿ ಮಾತು. (ಧಾರವಾಡ, ಕುಂದಾಪುರದ ಗೆಳೆಯರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.)

ಇದು ಇಂಗ್ಲಿಷಿನ ಒಂಟಿ ರೋಗ ಅಲ್ಲ. ಹಿಂದಿ ‘ಜಾನಾ’ಗೆ ಭೂತಕಾಲ ‘ಗಯಾ’. ಜಾನಾ ಬಂದದ್ದು ಸಂಸ್ಕೃತದ ‘ಯಾ’ ಧಾತುವಿಂದ (ಯಾತ್ರೆ, ಯಾನ), ಗಯಾ ಬಂದದ್ದು ‘ಗಮ್’ನಿಂದ (ಗಮನ, ಗತ). ಫ್ರೆಂಚಿನವರಂತೂ ಒಂದು ‘ಹೋಗು’ವಿಗೆ ಮೂರು ಬೇರುಗಳನ್ನ ಗಂಟು ಹಾಕಿದ್ದಾರೆ. ನಮ್ಮ ಹಳಗನ್ನಡದ ‘ಪೋಗು’ ಮಾತ್ರ ಪಕಾರ ಬಿಟ್ಟು ಹಕಾರ ಹಿಡಿದದ್ದು ಬಿಟ್ಟರೆ ಹೋದ, ಹೋಗ್ತಾನೆ, ಹೋಯ್ತು ಎಲ್ಲ ಒಂದೇ ಮನೆಯವು.

ಸರಿ, ಇಷ್ಟು ವಕ್ರವಾದದ್ದು ನೇರ ಯಾಕಾಗಲಿಲ್ಲ? ದಿನಾ ಬಳಸ್ತೀವಿ, ಅದಕ್ಕೆ. ಬಳಕೆ ಹೆಚ್ಚಾದಷ್ಟು ಪದ ಬಾಯಲ್ಲಿ ಇಡಿಯಾಗಿ ಉಳಿಯತ್ತೆ, ಕಮ್ಮಿಯಾದದ್ದು ನಿಯಮದ ಪಾಲಾಗತ್ತೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಳೆ ಇಂಗ್ಲಿಷಿನ 177 ವಕ್ರ ಕ್ರಿಯಾಪದಗಳ ಲೆಕ್ಕ ಹಾಕಿದ್ದರು. ಅವುಗಳಲ್ಲಿ ಇವತ್ತಿಗೂ ವಕ್ರವಾಗಿ ಉಳಿದಿರೋದು 98. ನೂರು ಪಟ್ಟು ಕಮ್ಮಿ ಬಳಕೆಯ ಪದ ಹತ್ತು ಪಟ್ಟು ಬೇಗ ನೇರವಾಗತ್ತಂತೆ.

‘ಗೋ’ದ ಇನ್ನೊಂದು ಕಿತಾಪತಿ ಹೇಳದೆ ಬಿಡೋಕಾಗಲ್ಲ. ‘ಗೋಯಿಂಗ್ ಟು’ ಅಂದ್ರೆ ಮೊದಲು ನಿಜವಾಗಿ ಕಾಲಲ್ಲಿ ನಡೆದು ಹೋಗೋದೇ. ಏನೋ ಮಾಡೋಕೆ ಹೊರಟವನಿಗೆ ಮಾಡೋ ಉದ್ದೇಶ ಇದ್ದೇ ಇರತ್ತೆ. ಹೀಗೆ ಉದ್ದೇಶ ಉಳಿದು ನಡಿಗೆ ಉದುರಿತು. 1646ರಲ್ಲಿ ಜೋಶುವಾ ಪೂಲ್ ತನ್ನ ವ್ಯಾಕರಣದಲ್ಲಿ ಇದನ್ನ ಭವಿಷ್ಯದ ಗುರುತು ಅಂತ ಬರೆದ. ಈಗ ಕಾಲಿಲ್ಲದ ಮಳೆಯೂ ಬರೋದಕ್ಕೆ ‘ಹೋಗ್ತಿರತ್ತೆ’! ಕನ್ನಡದಲ್ಲೂ ‘ಮಾಡಲು ಹೋಗಿ’ ಅಂತೀವಿ, ಆದರೆ ಅದನ್ನ ಕೇಳಿದ ಕೂಡಲೇ ‘ಏನ್ ಎಡವಟ್ಟಾಯ್ತು?’ ಅಂತ ಕೇಳಬೇಕನ್ಸತ್ತೆ. ಅವರದ್ದು ಹೋದ್ರೆ ಭವಿಷ್ಯ, ನಮ್ಮದು ಹೋದ್ರೆ ಫಜೀತಿ.