ಗಾಥಮ್ ನಗರದ ನೆರಳು: ಚಲಚ್ಚಿತ್ರಗಳಲ್ಲಿ ಒಂದು ಕಲ್ಪಿತ ಪುರದ ರೂಪ ಮತ್ತು ಭಾವ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಪುರವರ್ಣನೆಯು ಅಷ್ಟಾದಶ ವರ್ಣನೆಗಳಲ್ಲಿ ಒಂದೆಂಬುದನ್ನು ವಾಚಕರು ಬಲ್ಲರು. ಕೋಟೆ, ಅಗಳು, ಸೌಧ, ಅಂಗಡಿಬೀದಿ, ಉಪವನ ಇವುಗಳನ್ನು ಕವಿಯು ವಿಸ್ತಾರವಾಗಿ ಬಣ್ಣಿಸುವುದು ಆ ಪುರವನ್ನಾಳುವ ಅರಸನ ಗುಣಗಳನ್ನು ಸೂಚಿಸುವುದಕ್ಕಾಗಿ. ಊರು ಸಮೃದ್ಧವಾಗಿದ್ದರೆ ದೊರೆ ಧರ್ಮಿಷ್ಠನೆಂದು ತಿಳಿಯಬೇಕು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿದ ಒಂದು ಕಥಾಪರಂಪರೆಯು ಈ ಕ್ರಮವನ್ನು ತಲೆಕೆಳಗು ಮಾಡಿತು. ಅಲ್ಲಿ ಪುರವು ಕೊಳೆತಿದೆ. ಕೊಳೆತಿರುವುದರಿಂದಲೇ ನಾಯಕನು ಬೇಕಾಗಿದ್ದಾನೆ. ಬಾವಲಿಯ ವೇಷ ತೊಟ್ಟು ಇರುಳಿನಲ್ಲಿ ಸಂಚರಿಸುವ ಬ್ಯಾಟ್‌ಮನ್ ಎಂಬ ವೀರನ ಊರಾದ ಗಾಥಮ್ ನಗರವೇ ಆ ಪುರ.

ಇಲ್ಲದ ಊರಿಗೆ ಇತಿಹಾಸವೆಲ್ಲಿಯದು, ಇತಿಹಾಸ ವಿಭಾಗದ ಸಂಚಿಕೆಗೆ ಇದು ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಇಲ್ಲದ ಊರನ್ನು ಕಟ್ಟಿದವರು ಇದ್ದ ಊರುಗಳಲ್ಲಿ ಬಾಳಿದವರು ಎಂಬುದೇ ನಮ್ಮ ಉತ್ತರ. ಅವರು ಯಾವುದನ್ನು ಕಂಡು ಅಂಜಿದರು, ಯಾವುದನ್ನು ಕಂಡೂ ಕಾಣದಂತಿದ್ದರು ಎಂಬುದಕ್ಕೆ ಅವರು ನಿಲ್ಲಿಸಿದ ಗೋಡೆಗಳೇ ಸಾಕ್ಷಿ. ಶಾಸನದಂತೆ ಚಲಚ್ಚಿತ್ರದ ರಂಗಸಜ್ಜೂ ಒಂದು ಆಧಾರ. ಶಾಸನದಂತೆಯೇ ಅದನ್ನೂ ಎಚ್ಚರದಿಂದ ಓದಬೇಕು.

ಮೊದಲು ಹೆಸರಿನ ವಿಚಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಾಂತದಲ್ಲಿ ಇದೇ ಅಕ್ಷರಗಳ, ಆದರೆ ‘ಗೋಟಮ್’ ಎಂದು ಉಚ್ಚರಿಸಲ್ಪಡುವ ಒಂದು ಹಳ್ಳಿಯುಂಟು. ಅಲ್ಲಿಯ ಜನರ ಪೆದ್ದುತನದ ಕಥೆಗಳು ನಮ್ಮ ಗಾಂಪರೊಡೆಯರ ಶಿಷ್ಯರ ಕಥೆಗಳಂತೆಯೇ ಬಹುಕಾಲದಿಂದ ಪ್ರಚಾರದಲ್ಲಿವೆ. 1807ರಲ್ಲಿ ವಾಷಿಂಗ್ಟನ್ ಅರ್ವಿಂಗನು ತನ್ನ ವಿಡಂಬನ ಲೇಖನಗಳಲ್ಲಿ ನ್ಯೂಯಾರ್ಕಿಗೆ ಈ ಹೆಸರನ್ನು ಅಂಟಿಸಿದನು. ಜನ ಅದನ್ನು ಬಿಡಲಿಲ್ಲ. ಬ್ಯಾಟ್‌ಮನ್ ಕಥೆ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬಿಬ್ಬರ ಕೈಯಿಂದ ಚಿತ್ರಕಥಾ ಪತ್ರಿಕೆಯಲ್ಲಿ ಮೊದಲು ಹೊರಬಂದದ್ದು 1939ರಲ್ಲಿ. ಮೊದಮೊದಲು ಕಥೆ ನಡೆಯುತ್ತಿದ್ದುದು ನ್ಯೂಯಾರ್ಕಿನಲ್ಲಿಯೇ. 1940–41ರ ಚಳಿಗಾಲದ ಸಂಚಿಕೆಗಳಲ್ಲಿ ಗಾಥಮ್ ಎಂಬ ಹೆಸರು ಬಂದಿತು. ದೂರವಾಣಿಯ ವಿಳಾಸಪುಸ್ತಕದಲ್ಲಿ ಒಂದು ಒಡವೆ ಅಂಗಡಿಯ ಹೆಸರನ್ನು ಕಂಡು ಅದನ್ನು ಆರಿಸಿದೆನೆಂದೂ, ಯಾವ ಊರಿನ ಓದುಗನಾದರೂ ಇದು ತನ್ನ ಊರೆಂದು ಭಾವಿಸಲಿ ಎಂಬುದು ತನ್ನ ಆಶಯವಾಗಿತ್ತೆಂದೂ ಫಿಂಗರ್ ಮುಂದೆ ತಿಳಿಸಿದನು. (ಈತನಿಗೆ ಸಹಕರ್ತೃವೆಂಬ ಅಧಿಕೃತ ಮನ್ನಣೆ ದೊರೆತದ್ದು 2015ರಲ್ಲಿ, ಆತ ತೀರಿಕೊಂಡು ನಾಲ್ವತ್ತು ವರ್ಷಗಳು ಕಳೆದ ಮೇಲೆ.)

ಹೆಸರಿಗಿಂತ ಮುಖ್ಯವಾದುದು ನೆರಳು. ಗಾಥಮಿನ ಕತ್ತಲೆಯನ್ನು ಸಾಮಾನ್ಯವಾಗಿ ಜರ್ಮನಿಯ ಮೂಕಿಚಿತ್ರಗಳಿಂದ ಬಂದುದೆಂದು ಹೇಳಿ ಮುಗಿಸುವರು. ನೆರಳುಗಳನ್ನು ಪರದೆಯ ಮೇಲೆ ಬಣ್ಣದಿಂದಲೇ ಬರೆದ 1920ರ ‘ಡಾಕ್ಟರ್ ಕಾಲಿಗರಿ’ಯನ್ನೂ, ಫ್ರಿಟ್ಜ್ ಲಾಂಗನ 1927ರ ‘ಮೆಟ್ರೊಪೊಲಿಸ್’ ಚಿತ್ರವನ್ನೂ ಉದಾಹರಿಸುವುದು ವಾಡಿಕೆ. ಇದು ತಪ್ಪಲ್ಲ, ಆದರೆ ಅರ್ಧ ಮಾತು. ಲಾಂಗನು 1924ರಲ್ಲಿ ಹಡಗಿನಿಂದ ನ್ಯೂಯಾರ್ಕಿನ ಗೋಪುರಗಳನ್ನು ಕಂಡಾಗಲೇ ತನ್ನ ಚಿತ್ರ ಮನಸ್ಸಿನಲ್ಲಿ ಮೂಡಿತೆಂದು ಹೇಳಿಕೊಂಡಿದ್ದಾನೆ. ಕಥೆಯ ಬರವಣಿಗೆ ಆ ಪ್ರಯಾಣಕ್ಕಿಂತ ಮೊದಲೇ ಆರಂಭವಾಗಿತ್ತಾದುದರಿಂದ ಈ ಮಾತನ್ನು ಪೂರ್ಣವಾಗಿ ನಂಬಲಾಗದು. ಅಂತೂ ಬರ್ಲಿನ್ನಿನ ಕಲಾವಿದರ ಕಣ್ಣು ನ್ಯೂಯಾರ್ಕಿನ ಕಡೆಗೆ ಇದ್ದಿತೆಂಬುದು ಸ್ಪಷ್ಟ. ಆದುದರಿಂದ ಮೂಲವನ್ನು ಹುಡುಕುವವರು ನ್ಯೂಯಾರ್ಕಿನ ಬೀದಿಗೇ ಹೋಗಬೇಕು.

1915ರಲ್ಲಿ ಆ ನಗರದ ಬ್ರಾಡ್ವೇ ಬೀದಿಯಲ್ಲಿ ಈಕ್ವಿಟಬಲ್ ಎಂಬ ವಿಮಾ ಸಂಸ್ಥೆಯ ಹೆಸರಿನ ಕಟ್ಟಡ ಎದ್ದಿತು. ನಿವೇಶನ ಒಂದು ಎಕರೆಗೂ ಕಡಮೆ, ಅಂತಸ್ತುಗಳು 38, ಒಳಗಿನ ನೆಲದ ವಿಸ್ತಾರ ಸುಮಾರು 12 ಲಕ್ಷ ಚದರಡಿ. ಅಂಗುಲದಷ್ಟೂ ಹಿಂದೆ ಸರಿಯದೆ ಬೀದಿಯ ಅಂಚಿನಿಂದ ನೆಟ್ಟಗೆ ಮೇಲೆದ್ದ ಗೋಡೆ ಅದು. ಅದರ ನೆರಳು ಏಳು ಎಕರೆಗಳಷ್ಟು ಜಾಗವನ್ನು ಮುಚ್ಚುವುದೆಂದು ಆಗಿನವರು ಲೆಕ್ಕ ಹಾಕಿದರು. ಸುತ್ತಣ ಕಟ್ಟಡಗಳ ಮಾಲಿಕರು ಬೆಳಕಿಲ್ಲ, ಗಾಳಿಯಿಲ್ಲ, ಬಾಡಿಗೆದಾರರಿಲ್ಲ ಎಂದು ದೂರಿದರು. ಮರುವರ್ಷ, ಎಂದರೆ 1916ರಲ್ಲಿ, ನಗರಾಡಳಿತವು ಒಂದು ನಿಬಂಧನೆಯನ್ನು ಮಾಡಿತು. ಕಟ್ಟಡವು ಒಂದು ಎತ್ತರವನ್ನು ಮುಟ್ಟಿದ ಮೇಲೆ ಬೀದಿಯಿಂದ ಹಿಂದೆ ಸರಿಯುತ್ತ ಮೇಲೇರಬೇಕು. ನಿವೇಶನದ ನಾಲ್ಕನೆಯ ಒಂದು ಭಾಗದಲ್ಲಿ ಮಾತ್ರ ಎಷ್ಟಾದರೂ ಎತ್ತರ ಹೋಗಬಹುದು. ನಮ್ಮ ದೇವಾಲಯಗಳ ವಿಮಾನದಂತೆ ಅಂತಸ್ತು ಅಂತಸ್ತಾಗಿ ಕಿರಿದಾಗುವ ಆ ಕಾಲದ ಗೋಪುರಗಳ ರೂಪ ಶಿಲ್ಪಿಗಳ ಅಭಿರುಚಿಯಿಂದ ಮಾತ್ರ ಬಂದುದಲ್ಲ, ಕಾನೂನಿನಿಂದ ಬಂದುದು. ಈ ಕಾನೂನು ಕೇವಲ ಲೋಕೋಪಕಾರಕ್ಕಾಗಿ ಹುಟ್ಟಿತೆಂದು ವಿದ್ಯಾರ್ಥಿಗಳು ಭಾವಿಸಬಾರದು. ಐದನೆಯ ಅವೆನ್ಯೂವಿನ ವರ್ತಕರಿಗೆ ಸಿದ್ಧ ಉಡುಪಿನ ಕಾರ್ಖಾನೆಗಳೂ ಅಲ್ಲಿ ದುಡಿಯುತ್ತಿದ್ದ ವಲಸೆಗಾರರೂ ತಮ್ಮ ಬೀದಿಯಿಂದ ದೂರ ಹೋಗಬೇಕಾಗಿತ್ತು. ಅವರ ಒತ್ತಾಯವೂ ಇದರ ಹಿಂದಿತ್ತು.

ಹ್ಯೂ ಫೆರಿಸ್ ಎಂಬ ಚಿತ್ರಕಾರನು ಈ ನಿಬಂಧನೆ ಅವಕಾಶವೀಯುವ ಆಕಾರಗಳನ್ನು 1922ರಲ್ಲಿ ಇದ್ದಿಲಿನಿಂದ ಚಿತ್ರಿಸಿದನು. 1929ರಲ್ಲಿ ‘ನಾಳಿನ ಮಹಾನಗರ’ ಎಂಬರ್ಥದ ಹೆಸರಿನಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅವನ ಚಿತ್ರಗಳಲ್ಲಿ ಕಟ್ಟಡಗಳು ಬೆಟ್ಟಗಳಂತೆ ಮಂಜಿನಲ್ಲಿ ನಿಂತಿವೆ, ಬುಡದಲ್ಲಿ ಬೆಳಕು, ತಲೆಯಲ್ಲಿ ಕತ್ತಲೆ, ಮನುಷ್ಯರು ಇರುವೆಗಳಂತೆ. ಬೀದಿಗೆ ಬೆಳಕು ಬರಲೆಂದು ಮಾಡಿದ ಕಾನೂನನ್ನು ವಿವರಿಸಲು ಬರೆದ ಚಿತ್ರಗಳೇ ಮುಂದೆ ಕತ್ತಲೆಯ ನಗರಕ್ಕೆ ಮಾದರಿಯಂತಾದವು. ಈ ವೈಪರೀತ್ಯವನ್ನು ಗಮನಿಸದೆ ಗಾಥಮನ್ನು ಅರ್ಥ ಮಾಡಿಕೊಳ್ಳುವುದು ಸಾಧ್ಯವಿಲ್ಲವೆಂದು ನಮಗೆ ತೋರುತ್ತದೆ.

ಗಾಥಮ್ ತೆರೆಯ ಮೇಲೆ ಬಂದ ಕೂಡಲೆ ಕತ್ತಲಾಗಲಿಲ್ಲ. ಕೊಲಂಬಿಯಾ ಸಂಸ್ಥೆಯ 1943ರ 15 ಕಂತುಗಳ ಚಿತ್ರಮಾಲೆಯಲ್ಲಿ ಊರಿಗೆ ಸ್ವಂತ ಮುಖವೇ ಇಲ್ಲ. ಕಣ್ಣಿಗೆ ಬೀಳುವುದು ಲಾಸ್ ಏಂಜಲೀಸಿನ ಸಾಧಾರಣ ಬೀದಿಗಳು. ಆದರೆ ಒಂದು ದೃಶ್ಯವನ್ನು ಇತಿಹಾಸಕಾರನು ಮರೆಯಲಾರ. ಜಪಾನೀಯರು ವಾಸಿಸುತ್ತಿದ್ದ ಕೇರಿಯೊಂದು ಬರಿದಾಗಿ ನಿಂತಿದೆ. ಸರ್ಕಾರವು ಅವರನ್ನು ಹಿಡಿದೊಯ್ದದ್ದು ಜಾಣತನವೆಂದು ಹಿನ್ನೆಲೆಯ ಧ್ವನಿ ಹೊಗಳುತ್ತದೆ. 1942ರ ಫೆಬ್ರುವರಿಯ ಅಧ್ಯಕ್ಷಾಜ್ಞೆಯ ಮೇಲೆ ಸುಮಾರು 1,20,000 ಜಪಾನೀ ಮೂಲದವರನ್ನು, ಅವರಲ್ಲಿ ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಶಿಬಿರಗಳಿಗೆ ಅಟ್ಟಿದ್ದು ನಿಜವಾದ ಸಂಗತಿ. ಚಿತ್ರಕ್ಕೆ ಆ ಬರಿದಾದ ಬೀದಿ ಖಳನ ಗುಹೆಗೆ ದಾರಿ, ಅಷ್ಟೆ. ನಮಗೆ ಅದು ಇಡೀ ಚಿತ್ರಮಾಲೆಯಲ್ಲಿ ಅತ್ಯಂತ ಭಯಂಕರವಾದ ಸ್ಥಳ. ಗಾಥಮಿನ ಇತಿಹಾಸದಲ್ಲಿ ಮೊದಲನೆಯ ನಿಜವಾದ ನೆರಳು ಬಿದ್ದದ್ದು ಅಲ್ಲಿ, ತಯಾರಿಸಿದವರಿಗೆ ತಿಳಿಯದಂತೆಯೇ.

1966ರಿಂದ 1968ರವರೆಗೆ ದೂರದರ್ಶನದಲ್ಲಿ ನಡೆದ ಮಾಲೆಯ ಹಾಗೂ ಅದರೊಡನೆ ಬಂದ 1966ರ ಚಿತ್ರದ ಮಾತು ಬೇರೆ. ಕ್ಯಾಲಿಫೋರ್ನಿಯದ ಹಗಲಿನ ಬಿಸಿಲು, ಗಿಳಿಹಸುರು, ನೇರಳೆ ಬಣ್ಣಗಳು. ಖಳರ ಬಿಡಾರದಲ್ಲಿ ಮಾತ್ರ ಕ್ಯಾಮರಾವನ್ನು ಓರೆಯಾಗಿ ಹಿಡಿಯುವುದು. ಊರು ನೆಟ್ಟಗಿದೆ, ಕಳ್ಳರು ಮಾತ್ರ ಸೊಟ್ಟಗೆ ಎಂಬುದು ಅದರ ಅಭಿಪ್ರಾಯ. ಅಲ್ಲಿ ಹಾಸ್ಯವೇ ಪ್ರಧಾನ.

1989ರಲ್ಲಿ ಟಿಮ್ ಬರ್ಟನ್ ನಿರ್ದೇಶಿಸಿದ ಚಿತ್ರದಲ್ಲಿ ಗಾಥಮ್ ನಿಜವಾಗಿ ಹುಟ್ಟಿತೆನ್ನಬೇಕು. ಆ ಊರನ್ನು ರೂಪಿಸಿದವನು ಅಂಟನ್ ಫರ್ಸ್ಟ್. ಕಟ್ಟಿದ್ದು ಅಮೆರಿಕದಲ್ಲಲ್ಲ, ಇಂಗ್ಲೆಂಡಿನ ಪೈನ್‌ವುಡ್ ಚಿತ್ರಾಗಾರದ ಬಯಲಿನಲ್ಲಿ. ನಗರಯೋಜನೆಯ ಮಂಡಲಿಯೇ ಇಲ್ಲದೆ ಬೆಳೆದಿದ್ದರೆ ನ್ಯೂಯಾರ್ಕು ಏನಾಗುತ್ತಿದ್ದಿತೆಂಬುದೇ ಅವರು ಇಟ್ಟುಕೊಂಡ ಪ್ರಶ್ನೆ. ಎಂದರೆ 1916ರ ನಿಬಂಧನೆಯನ್ನು ಅಳಿಸಿಹಾಕಿದರು. ಕಟ್ಟಡಗಳು ಮೇಲೇರಿದಂತೆ ಹಿಂದೆ ಸರಿಯುವ ಬದಲು ಬೀದಿಯ ಮೇಲಕ್ಕೆ ಬಾಗಿ ಬರುತ್ತವೆ. ಎದುರುಬದುರು ಗೋಡೆಗಳನ್ನು ಕಬ್ಬಿಣದ ಸೇತುವೆಗಳು ಬಿಗಿದಿವೆ. ಕೊಳವೆಗಳೂ ತೊಲೆಗಳೂ ಕರುಳಿನಂತೆ ಹೊರಗೆ ಜೋತಿವೆ. ಬೇರೆ ಬೇರೆ ಕಾಲದ ಶೈಲಿಗಳು ಒಂದರ ಹೆಗಲೇರಿ ಒಂದು ನಿಂತಿವೆ. ಆಕಾಶವೆಂಬುದು ಸೀಳಿನಷ್ಟು. ಚಿತ್ರದ ಆರಂಭದಲ್ಲಿ ಊರಿಗೆ ಹೊಸಬರಾದ ತಂದೆ, ತಾಯಿ, ಮಗು ಬಾಡಿಗೆ ಕಾರು ಸಿಕ್ಕದೆ ದಾರಿ ತಪ್ಪಿ ಓಣಿಯೊಂದನ್ನು ಹೊಗುತ್ತಾರೆ. ಕಳ್ಳರು ಇನ್ನೂ ಬಂದಿಲ್ಲ. ಆದರೂ ನೋಡುವವನ ಎದೆ ಹಿಂಡಿದಂತಾಗುತ್ತದೆ. ಆ ಕೆಲಸವನ್ನು ಗೋಡೆಗಳು ಆಗಲೇ ಮಾಡಿ ಮುಗಿಸಿರುತ್ತವೆ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಇತರ ಚಿತ್ರಗಳಲ್ಲಿ ಉದ್ದೀಪನ ವಿಭಾವ ಮಾತ್ರವಾಗಿದ್ದ ಸ್ಥಳವು ಇಲ್ಲಿ ಆಲಂಬನವೇ ಆಗಿಬಿಟ್ಟಿದೆ.

ಆ ಚಿತ್ರದಲ್ಲಿ ನಗರಪಾಲನು ಊರಿನ ಇನ್ನೂರನೆಯ ವರ್ಷದ ಉತ್ಸವದ ಚಿಂತೆಯಲ್ಲಿರುವನು. ಗಂಡಸರ ಟೋಪಿಗಳು 1940ರ ಸುಮಾರಿನವು. ಅವರು ನೋಡುವ ದೂರದರ್ಶನ 1980ರ ದಶಕದ್ದು. ಈ ಕಾಲಸಂಕರವನ್ನು ದೋಷವೆಂದವರುಂಟು. ನಾವು ಒಪ್ಪುವುದಿಲ್ಲ. ಹಳೆಯದನ್ನು ಕೆಡವುವವರೂ ಇಲ್ಲದ, ರಿಪೇರಿ ಮಾಡುವವರೂ ಇಲ್ಲದ ಊರಿನಲ್ಲಿ ಕಾಲಗಳು ಹೀಗೆಯೇ ರಾಶಿ ಬೀಳುತ್ತವೆ. ಈ ಕಲಾನಿರ್ದೇಶನಕ್ಕಾಗಿ ಫರ್ಸ್ಟನಿಗೂ ಅವನ ಸಹಾಯಕ ಪೀಟರ್ ಯಂಗನಿಗೂ ಆಸ್ಕರ್ ಪಾರಿತೋಷಿಕ ಬಂದಿತು. ಫರ್ಸ್ಟ್ 1991ರಲ್ಲಿ ತೀರಿಕೊಂಡನು. 1992ರ ಎರಡನೆಯ ಚಿತ್ರದಲ್ಲಿ ಬೋ ವೆಲ್ಚನು ಹಿಮವನ್ನೂ ದೈತ್ಯಾಕಾರದ ಪ್ರತಿಮೆಗಳನ್ನೂ ತಂದನು. ಅದೇ ವರ್ಷ ಆರಂಭವಾದ ದೂರದರ್ಶನದ ಚಲಿಸುವ ಚಿತ್ರಮಾಲೆಯಲ್ಲಿ ಹಿನ್ನೆಲೆಗಳನ್ನು ಬಿಳಿಯ ಕಾಗದದ ಬದಲು ಕರಿಯ ಕಾಗದದ ಮೇಲೆ ಬರೆದರು. ಬಿಳುಪಿಗೆ ಕತ್ತಲೆಯನ್ನು ಸೇರಿಸುವುದಲ್ಲ, ಕತ್ತಲೆಯಿಂದ ಬೇಕಾದಷ್ಟೇ ಬೆಳಕನ್ನು ಎತ್ತಿ ತೆಗೆಯುವುದು. ಮಕ್ಕಳಿಗೆಂದು ಮಾಡಿದ ಈ ಕೆಲಸದಲ್ಲಿ ಫೆರಿಸನ ಇದ್ದಿಲಿನ ಗುಣ ದೊಡ್ಡವರ ಚಿತ್ರಗಳಿಗಿಂತ ಹೆಚ್ಚಾಗಿ ಕಾಣುತ್ತದೆ. ಜೋಯಲ್ ಷೂಮಾಕರನ 1995 ಮತ್ತು 1997ರ ಚಿತ್ರಗಳಲ್ಲಿ ನಿಯಾನ್ ದೀಪಗಳು ಎಲ್ಲವನ್ನೂ ತುಂಬಿದವು, ಊರು ಜಾತ್ರೆಯಾಯಿತು. ಜಾತ್ರೆಯಲ್ಲಿ ಯಾರೂ ಅಂಜುವುದಿಲ್ಲ.

ಕ್ರಿಸ್ಟೊಫರ್ ನೋಲನನ ಮೂರು ಚಿತ್ರಗಳು (2005, 2008, 2012) ಬೇರೆ ದಾರಿ ಹಿಡಿದವು. ಮೊದಲನೆಯದರಲ್ಲಿ ಷಿಕಾಗೋ ನಗರದ ನಿಜವಾದ ಬೀದಿಗಳ ಜೊತೆಗೆ ಇಂಗ್ಲೆಂಡಿನ ಕಾರ್ಡಿಂಗ್ಟನ್ನಿನಲ್ಲಿರುವ ಹಳೆಯ ವಾಯುನೌಕೆಗಳ ಕೊಟ್ಟಿಗೆಯೊಳಗೆ ಒಂದು ಬಡವರ ಕೇರಿಯನ್ನು ಕಟ್ಟಿದರು. ಅದಕ್ಕೆ ಮಾದರಿ 1993–94ರಲ್ಲಿ ಕೆಡವಲ್ಪಟ್ಟ ಹಾಂಗ್‌ಕಾಂಗಿನ ಕೌಲೂನ್ ಕೋಟೆಕೇರಿ. ನಾಯಕನ ಮನೆತನದ ಗೋಪುರವಾಗಿ ಕಾಣಿಸಿಕೊಂಡುದು ಷಿಕಾಗೋದ ಧಾನ್ಯ ವಿನಿಮಯ ಮಂಡಲಿಯ 1930ರ ಕಟ್ಟಡ, ಅಂತಸ್ತು ಅಂತಸ್ತಾಗಿ ಹಿಂದೆ ಸರಿಯುವ ಜಾತಿಯದು. 2008ರ ಚಿತ್ರದಲ್ಲಿ ಕೇರಿಯೂ ಮಾಯವಾಗಿ ಹಗಲು, ಗಾಜು, ಅಗಲವಾದ ರಸ್ತೆ ಇವೇ ಉಳಿದವು. ಗುಡಿಸಿ ಒರಸಿದಂತಿರುವ ಈ ಊರಿನಲ್ಲಿ ಹಾಡುಹಗಲೇ ಬ್ಯಾಂಕು ಲೂಟಿಯಾಗುತ್ತದೆ. ಓಣಿಯ ಭಯಕ್ಕೆ ಓಣಿಯನ್ನು ಬಿಟ್ಟು ಬರುವ ಉಪಾಯವುಂಟು. ಈ ಭಯಕ್ಕೆ ಅದೂ ಇಲ್ಲ. ಮೂರನೆಯ ಚಿತ್ರದ ಪಾತಾಳದಂತಹ ಸೆರೆಮನೆಯ ಹೊರಭಾಗವು ನಮ್ಮ ದೇಶದ ಜೋಧಪುರದ ಮೆಹರಾನಗಢ ಕೋಟೆಯ ಬಳಿ ಚಿತ್ರಿತವಾದುದು. ಗಾಥಮಿನಿಂದ ಹೊರಗೆ ಬಿಸಿಲು ಇರಬೇಕಾದರೆ ಅದು ಪೂರ್ವದೇಶದ ಸೆರೆಮನೆಯ ಬಿಸಿಲೇ ಆಗಬೇಕೆಂಬ ಹಳೆಯ ಅಭ್ಯಾಸ ಅಲ್ಲಿಯೂ ಬಿಟ್ಟಿಲ್ಲ.

ಇಲ್ಲಿ ನಮ್ಮ ಒಂದು ಆಕ್ಷೇಪವನ್ನು ಹೇಳಬೇಕಾಗಿದೆ. ಈಕ್ವಿಟಬಲ್ ಕಟ್ಟಡದ ನೆರಳನ್ನು ಕಂಡು ನ್ಯೂಯಾರ್ಕಿನವರು ಮಾಡಿದ್ದು ನಿಬಂಧನೆ. ಗಾಥಮಿನವರು ಎದುರು ನೋಡುವುದು ಸಿರಿವಂತನೊಬ್ಬನ ಮುಷ್ಟಿಯನ್ನು. ನೆರಳನ್ನು ಬೀರುವುದು ಮೇಲಿನ ಕಟ್ಟಡ. ಆದರೆ ಏಟು ಬೀಳುವುದು ಕೆಳಗೆ ಓಣಿಯಲ್ಲಿ ನಿಂತವನಿಗೆ. ಕಟ್ಟಡ ಯಾರದು, ಬಾಡಿಗೆ ಯಾರಿಗೆ ಎಂದು ಈ ಚಿತ್ರಗಳು ಕೇಳುವುದು ಅಪೂರ್ವ. ಹಾಗೆ ಕೇಳುವಾಗಲೂ ಉತ್ತರವು ಒಬ್ಬ ದುಷ್ಟ ವರ್ತಕನಲ್ಲಿಯೇ ಮುಗಿದುಹೋಗುತ್ತದೆ.

ಈ ಪ್ರಶ್ನೆಗೆ ಹೆಚ್ಚು ಸಮೀಪ ಬಂದುದು ವೀರನೇ ಇಲ್ಲದ ಚಿತ್ರ ಎಂಬುದು ಸ್ವಾರಸ್ಯ. ಟಾಡ್ ಫಿಲಿಪ್ಸನ 2019ರ ‘ಜೋಕರ್’ ಚಿತ್ರದ ಗಾಥಮ್ 1981ರ ಕಾಲದ್ದು. ಕಸ ಸಾಗಿಸುವವರ ಮುಷ್ಕರದಿಂದ ಬೀದಿಯಲ್ಲಿ ಚೀಲಗಳು ಗುಡ್ಡೆ ಬಿದ್ದಿವೆ. ರೋಗಿಯಾದ ನಾಯಕನಿಗೆ ಔಷಧ ಸಿಕ್ಕುತ್ತಿದ್ದ ಕಚೇರಿಯನ್ನು ಹಣವಿಲ್ಲವೆಂದು ಮುಚ್ಚುತ್ತಾರೆ. ನ್ಯೂಯಾರ್ಕು 1975ರಲ್ಲಿ ದಿವಾಳಿಯ ಅಂಚಿಗೆ ಬಂದು ಸಾವಿರಾರು ನೌಕರರನ್ನು ತೆಗೆದುಹಾಕಿದ ಚರಿತ್ರೆ ಬಲ್ಲವರಿಗೆ ಇದರಲ್ಲಿ ಕಲ್ಪನೆ ಕಡಮೆ ಎನ್ನಿಸುತ್ತದೆ. ಗೋಪುರಗಳು ಇಲ್ಲಿ ದೂರದಲ್ಲಿವೆ. ಭಾವವನ್ನು ಹೊತ್ತಿರುವುದು ಬ್ರಾಂಕ್ಸ್ ಭಾಗದ ಒಂದು ಕಡಿದಾದ ಮೆಟ್ಟಿಲುಸಾಲು. ದಿನವೂ ಕೆಲಸದಿಂದ ಬಂದವನು ಅದನ್ನು ಕಾಲೆಳೆದುಕೊಂಡು ಹತ್ತುತ್ತಾನೆ. ಹುಚ್ಚು ಪೂರ್ಣವಾದ ದಿನ ಕುಣಿಯುತ್ತ ಇಳಿಯುತ್ತಾನೆ.

ಮ್ಯಾಟ್ ರೀವ್ಸನ 2022ರ ಚಿತ್ರಕ್ಕೆ ಷಿಕಾಗೋ, ಗ್ಲಾಸ್ಗೋ, ಲಿವರ್‌ಪೂಲ್ ಮೂರೂ ಬೇಕಾದವು. ಲಿವರ್‌ಪೂಲಿನ ರಾಯಲ್ ಲಿವರ್ ಕಟ್ಟಡದ (1911) ನೆತ್ತಿಯ ಮೇಲೆ ವೀರನು ನಿಲ್ಲುತ್ತಾನೆ. ಅಲ್ಲಿಯ 1854ರ ಸೇಂಟ್ ಜಾರ್ಜ್ ಭವನವೂ ಗಾಥಮಿನದಾಗಿದೆ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯು ಬೊಂಬಾಯಿಯ ಮೂಲಕ ಸೇರುತ್ತಿದ್ದುದು ಈ ಬಂದರನ್ನೇ ಎಂಬುದು ಪ್ರಾಸಂಗಿಕವಾಗಿ ನೆನಪಾಗುತ್ತದೆ. ಹಳೆಯ ವ್ಯಾಪಾರದ ಸಂಪತ್ತು ಕಟ್ಟಿದ ಕಲ್ಲುಗಳೇ ಕಲ್ಪಿತ ನಗರದ ಪಾಪಗಳಿಗೆ ಹಿನ್ನೆಲೆಯಾದವು. ಇಡೀ ಚಿತ್ರದಲ್ಲಿ ಮಳೆ ಸುರಿಯುತ್ತಲೇ ಇರುತ್ತದೆ. ಕೊನೆಗೆ ಸಮುದ್ರದ ತಡೆಗೋಡೆ ಒಡೆದು ಊರು ಮುಳುಗುತ್ತದೆ. ಆಗ ವೀರನು ಹೊಡೆದಾಟವನ್ನು ಬಿಟ್ಟು, ಎದೆಮಟ್ಟದ ನೀರಿನಲ್ಲಿ ಕೆಂಪು ದೀವಟಿಗೆಯೊಂದನ್ನು ಎತ್ತಿ ಹಿಡಿದು, ಸಿಕ್ಕಿಕೊಂಡ ಜನರನ್ನು ಹಿಂದಿಟ್ಟುಕೊಂಡು ನಡೆಯುತ್ತಾನೆ; ಬೆಳಗಾದ ಮೇಲೆ ಇತರ ಕೆಲಸಗಾರರ ಜೊತೆಗೆ ನಿಂತು ಗಾಯಾಳುಗಳನ್ನು ಎತ್ತಿ ಕೊಡುತ್ತಾನೆ.