ರಾಯ್ಸ್ ಬರೆದ ಎರಡನೆಯ ಚಿತ್ರ

ಜಲಪಾತ ಎಂದೊಡನೆ ಕನ್ನಡಿಗರಿಗೆ ಜೋಗ ನೆನಪಾಗಬೇಕು. ಸಾಫ್ಟ್‌ವೇರ್ ಕಸುಬಿನ ನಮಗೆ ಮಾತ್ರ ನೆನಪಾಗುವುದು ಮೆಟ್ಟಿಲಿನಂತೆ ಕೆಳಗಿಳಿಯುವ ಏಳು ಚೌಕಗಳು. ಏನೇನು ಬೇಕೆಂಬ ಪಟ್ಟಿ ಮೊದಲು, ಆಮೇಲೆ ವಿಶ್ಲೇಷಣೆ, ವಿನ್ಯಾಸ, ಕೋಡಿಂಗ್, ಪರೀಕ್ಷೆ, ಕೊನೆಗೆ ಬಳಕೆ. ಒಂದು ಮುಗಿಯದೆ ಇನ್ನೊಂದಿಲ್ಲ. ಇದೇ 'ವಾಟರ್‌ಫಾಲ್ ಮಾಡೆಲ್' ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದವರು ನಮ್ಮ ಬಳಗದಲ್ಲೂ ಸಾಕಷ್ಟು ಮಂದಿ ಇದ್ದೇವೆ.

ಈ ಚಿತ್ರ ಪ್ರಸಿದ್ಧವಾದದ್ದು ಅಮೆರಿಕದ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಮಂಡಿಸಿದ 11 ಪುಟದ ಲೇಖನದಿಂದ. ಬಾಹ್ಯಾಕಾಶ ನೌಕೆಗಳ ಯೋಜನೆಗಳಿಗೆ ಸಾಫ್ಟ್‌ವೇರ್ ಬರೆಸಿದ ಅನುಭವಸ್ಥ ಅವರು. (ಹಂತಹಂತವಾಗಿ ಕೆಲಸ ಮಾಡುವ ವಿವರಣೆಯನ್ನು ಹರ್ಬರ್ಟ್ ಬೆನಿಂಗ್ಟನ್ 1956ರಲ್ಲೇ ಕೊಟ್ಟಿದ್ದರು, ಅದಿರಲಿ.) 'ವಾಟರ್‌ಫಾಲ್' ಎಂಬ ಹೆಸರು ರಾಯ್ಸ್ ಲೇಖನದಲ್ಲಿ ಎಲ್ಲೂ ಇಲ್ಲ. ಅದು ಬಂದದ್ದು 1976ರಲ್ಲಿ, ಬೆಲ್ ಮತ್ತು ಥೇಯರ್ ಎಂಬಿಬ್ಬರ ಬರಹದಲ್ಲಿ.

ತಮಾಷೆಯೆಂದರೆ, ಏಳು ಚೌಕಗಳ ಆ ಎರಡನೆಯ ಚಿತ್ರವನ್ನು ಬರೆದು ರಾಯ್ಸ್ ಹೇಳಿದ್ದು, ಇದನ್ನು ಹೀಗೇ ಜಾರಿಗೆ ತಂದರೆ ಅಪಾಯ, ಸೋಲನ್ನು ಕರೆದಂತೆ ಎಂದು! ಅವರ ಕಾರಣವೂ ಸರಳ. ವೇಗ, ಮೆಮೊರಿ ಇತ್ಯಾದಿ ನಿಜವಾಗಿ ಅನುಭವಕ್ಕೆ ಬರುವುದು ಪರೀಕ್ಷೆಯ ಹಂತದಲ್ಲಿ, ಅಂದರೆ ಬಹುತೇಕ ಕೊನೆಯಲ್ಲಿ. ಅಲ್ಲಿ ಎಡವಿದರೆ ವಿನ್ಯಾಸವನ್ನೇ ಬದಲಿಸಬೇಕು, ಕೆಲವೊಮ್ಮೆ ಬೇಡಿಕೆಗಳ ಪಟ್ಟಿಯನ್ನೂ. ಆಗ ಖರ್ಚು, ಸಮಯ ದುಪ್ಪಟ್ಟಾದೀತೆಂದು ಎಚ್ಚರಿಸಿದರು. 30 ತಿಂಗಳ ಕೆಲಸವಾದರೆ ಮೊದಲು 10 ತಿಂಗಳಲ್ಲಿ ಒಂದು ಮಾದರಿ ಮಾಡಿ ನೋಡಿ, ಗ್ರಾಹಕರನ್ನು ನಡುನಡುವೆ ಕರೆದು ತೋರಿಸಿ ಎಂದರು. ಹಾಗೆಂದು ಅವರೇನೂ ಇಂದಿನ 'ಅಜೈಲ್' ಪಂಥದ ಆದಿಗುರುವಲ್ಲ. ದಸ್ತಾವೇಜು ಬರೆಸುವುದರಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಅಪರೂಪ.

ಲೇಖನದಲ್ಲಿ ಚಿತ್ರಗಳು ಮುಂದುವರಿಯುತ್ತವೆ. ಹಿಂದಕ್ಕೆ ಹೋಗುವ ಬಾಣಗಳು ಸೇರಿಕೊಂಡು ಕೊನೆಯ ಚಿತ್ರ ಸಿಕ್ಕುಸಿಕ್ಕಾಗಿದೆ. ಜನ ನಕಲು ಮಾಡಿಕೊಂಡದ್ದು ಮಾತ್ರ ಸಿಕ್ಕಿಲ್ಲದ್ದನ್ನು. ಒಂದೊಂದು ಚೌಕಕ್ಕೂ ಒಂದು ಗಡುವು, ಒಂದು ಬಿಲ್ಲು ಅಂಟಿಸಬಹುದಲ್ಲ! ಲೆಕ್ಕಪತ್ರ ಇಡುವವರಿಗೆ ಇದಕ್ಕಿಂತ ಹಿತವಾದ ಚಿತ್ರ ಬೇರೆ ಯಾವುದಿದೆ?

ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ಹೊರಡಿಸಿದ 2167 ಎಂಬ ಮಾನದಂಡವನ್ನು ಗುತ್ತಿಗೆದಾರರು ಓದಿಕೊಂಡದ್ದು ಈ ಇಳಿಜಾರಿನಂತೆಯೇ. ಎರಡೇ ವರ್ಷಕ್ಕೆ, ಫ್ರೆಡ್ ಬ್ರೂಕ್ಸ್ ಅಧ್ಯಕ್ಷತೆಯ ಸಮಿತಿ ಅದೇ ಇಲಾಖೆಗೆ, ಮಾದರಿ ಕಟ್ಟಿ ತಿದ್ದುತ್ತಾ ಬೆಳೆಸುವ ದಾರಿ ಹಿಡಿಯಿರೆಂದು ವರದಿ ಕೊಟ್ಟಿತು. 1988ರಲ್ಲಿ ಬ್ಯಾರಿ ಬೋಯೆಮ್ ಮೆಟ್ಟಿಲಿನ ಬದಲು ಸುರುಳಿಯ ಚಿತ್ರವನ್ನು ಪ್ರಚಾರಕ್ಕೆ ತಂದರು. ಪ್ರತಿ ಸುತ್ತಿನಲ್ಲೂ ಅಪಾಯ ಎಲ್ಲಿದೆಯೆಂದು ಮೊದಲು ಹುಡುಕುವ ಚಿತ್ರ. ಹಳೆಯ ಮಾನದಂಡ ಬದಲಾಗುವಷ್ಟರಲ್ಲಿ 1994 ಮುಗಿಯುತ್ತಿತ್ತು. ರಾಯ್ಸ್ ತೀರಿಕೊಂಡದ್ದು ಮರುವರ್ಷ.